ಫ್ರಿಜ್ ಇಲ್ಲದ ಬಾಡಿಗೆ ಕೋಣೆ, ಮಡಿಕೇರಿಯ ಮಳೆಗಾಲ: ಅನ್ನ ಎಷ್ಟು ಹೊತ್ತು, ಅಕ್ಕಿ ಎಷ್ಟು ದಿನ?

ಪ್ರಶ್ನೆ: ನಾವು ಮೂವರು ಪದವಿ ವಿದ್ಯಾರ್ಥಿನಿಯರು ಮಡಿಕೇರಿಯಲ್ಲಿ ಒಂದು ಮನೆಯ ಹಿಂಬದಿಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಅಡುಗೆಮನೆ ಒಬ್ಬರು ನಿಂತು ಕೆಲಸ ಮಾಡುವಷ್ಟೇ ಇದೆ. 5 ಕೆ.ಜಿ.ಯ ಗ್ಯಾಸ್ ಸಿಲಿಂಡರ್, ಒಂದು ಒಲೆ ಮತ್ತು 3 ಲೀಟರಿನ ಕುಕ್ಕರ್ ಬಿಟ್ಟರೆ ಹೆಚ್ಚೇನೂ ಇಲ್ಲ, ಫ್ರಿಜ್ ಇಲ್ಲ. ಗ್ಯಾಸ್ ಉಳಿಸಲೆಂದು ಬೆಳಗ್ಗೆ ಏಳು ಗಂಟೆಗೆ ಇಡೀ ದಿನದ ಅನ್ನ ಮಾಡಿ, ಕುಕ್ಕರಿನಲ್ಲೇ ಮುಚ್ಚಿಟ್ಟು, ರಾತ್ರಿ ಬಿಸಿ ಮಾಡಿ ಉಣ್ಣುತ್ತೇವೆ. ಕಳೆದ ವಾರ ಹಾಗೆ ಉಂಡ ಎರಡು ಗಂಟೆಯೊಳಗೆ ಒಬ್ಬಳಿಗೆ ವಾಂತಿ ಶುರುವಾಯಿತು, ಮರುದಿನ ಸರಿಹೋಯಿತು. ಮನೆಯ ಅಜ್ಜಿ ‘ಈ ಚಳಿಯಲ್ಲಿ ಅನ್ನ ಹಳಸುವುದಿಲ್ಲ, ಹೊರಗೆ ಏನೋ ತಿಂದಿರಬೇಕು’ ಎನ್ನುತ್ತಾರೆ. ನಾನು ಸೋಮವಾರಪೇಟೆ ಕಡೆಯ ನಮ್ಮೂರಿನಿಂದ ತಂದ 25 ಕೆ.ಜಿ. ಅಕ್ಕಿಯ ಚೀಲದಲ್ಲಿ ನುಸಿ ಕಾಣಿಸಿಕೊಂಡಿದೆ, ಮುಗ್ಗಲು ವಾಸನೆಯೂ ಬರುತ್ತಿದೆ. ಪರಿಚಯದವರೊಬ್ಬರು ಅಕ್ಕಿಗೆ ಹಾಕುವ ಮಾತ್ರೆ ಕೊಡುತ್ತೇನೆ ಎಂದಿದ್ದಾರೆ. ವಿರಾಜಪೇಟೆ ಕಡೆಯ ಗೆಳತಿ ಭಾನುವಾರ ಮನೆಯಿಂದ ಪಂದಿಕರಿ (ಹಂದಿಮಾಂಸದ ಕರಿ) ತರುತ್ತಾಳೆ. ಕಾಚಂಪುಳಿ ಎಂಬ ಹುಳಿ ಹಾಕಿರುವುದರಿಂದ ನಾಲ್ಕು ದಿನ ಇಡಬಹುದು ಎನ್ನುತ್ತಾಳೆ. ಅಜ್ಜಿ ಆಗಾಗ ಕಣಿಲೆಯನ್ನೂ (ಬಿದಿರಿನ ಮೊಳಕೆ) ಕೊಡುತ್ತಾರೆ. ಹಳೆಯ ಫ್ರಿಜ್ ಒಂದು 4,500 ರೂಪಾಯಿಗೆ ಸಿಗುತ್ತಿದೆ. ಮಳೆ ಜೋರಾದಾಗ ಇಲ್ಲಿ ಒಂದೊಂದು ದಿನ ಕರೆಂಟೇ ಇರುವುದಿಲ್ಲ. ಕೊಳ್ಳಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು ಇದ್ದರೂ ಅವುಗಳ ಹಿಂದಿರುವ ಆತಂಕ ಒಂದೇ. ಕೈಯಲ್ಲಿರುವ ಅಲ್ಪಸ್ವಲ್ಪ ಹಣದಲ್ಲಿ, ಫ್ರಿಜ್ ಇಲ್ಲದೆ, ಬಿಡದೆ ಸುರಿಯುವ ಮಳೆಯಲ್ಲಿ ನೀವು ಮಾಡಿಕೊಳ್ಳುತ್ತಿರುವ ಅಡುಗೆ ನಿಮ್ಮ ಆರೋಗ್ಯವನ್ನು ಕೆಡಿಸುತ್ತಿದೆಯೇ ಎಂದು ನೀವು ಕೇಳುತ್ತಿದ್ದೀರಿ. ಒಂದೆರಡು ಅಭ್ಯಾಸಗಳು ಖಂಡಿತವಾಗಿ ಕೆಡಿಸುವಂಥವು, ಅವುಗಳನ್ನು ಇಂದೇ ಬಿಡಬೇಕು. ಉಳಿದವುಗಳಲ್ಲಿ ಹೆಚ್ಚಿನವು ಖರ್ಚಿಲ್ಲದೆ ಸರಿಪಡಿಸಿಕೊಳ್ಳಬಹುದಾದಂಥವು. ಆಹಾರ ಸುರಕ್ಷತೆಯ ಕೆಲಸದಲ್ಲಿ ಹಾಸ್ಟೆಲ್ ಮತ್ತು ಬಾಡಿಗೆ ಕೋಣೆಗಳ ಅಡುಗೆಮನೆಗಳನ್ನು ನೋಡುತ್ತ ಬಂದಿರುವ ನನಗೆ, ಬೇಯಿಸಿದ ಅಡುಗೆಗೆ ಹೊತ್ತು ಶತ್ರು, ಬೇಯಿಸದ ದಿನಸಿಗೆ ತೇವ ಶತ್ರು ಎಂಬುದು ಮತ್ತೆ ಮತ್ತೆ ಕಂಡಿದೆ. ಇವೆರಡನ್ನೂ ಬೆರೆಸಿ ಯೋಚಿಸಿದಾಗಲೇ ಗೊಂದಲವಾಗುತ್ತದೆ. ಆದ್ದರಿಂದ ಅವುಗಳನ್ನು ಬೇರೆ ಬೇರೆಯಾಗಿಯೇ ನೋಡೋಣ.

ಮೊದಲು ಅಜ್ಜಿಯ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಅವರ ಅನುಭವ ಬೇರೆ ಅಡುಗೆಮನೆಯದು. ಸೌದೆ ಒಲೆ ಇದ್ದ ಮನೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಲೆಯಲ್ಲಿ ಕೆಂಡವಿರುತ್ತಿತ್ತು, ಅನ್ನದ ಪಾತ್ರೆಯೋ ಸಾರಿನ ಪಾತ್ರೆಯೋ ಒಲೆಯ ಅಂಚಿನಲ್ಲಿ ಕೈ ಸುಡುವಷ್ಟು ಬಿಸಿಯಾಗಿಯೇ ಕುಳಿತಿರುತ್ತಿತ್ತು. ಅಂಥ ಬಿಸಿಯಲ್ಲಿ ರೋಗಾಣುಗಳು ಬೆಳೆಯುವುದಿಲ್ಲ. ಗ್ಯಾಸ್ ಒಲೆ ಆರಿಸಿದ ಮರುಕ್ಷಣದಿಂದಲೇ ಪಾತ್ರೆ ತಣಿಯತೊಡಗುತ್ತದೆ. ಅದನ್ನು ಕಾಯುವ ಕೆಂಡ ನಿಮ್ಮ ಕೋಣೆಯಲ್ಲಿಲ್ಲ. ಇನ್ನು ಚಳಿಯ ವಿಷಯ. ಜುಲೈ ತಿಂಗಳಲ್ಲಿ ಮಡಿಕೇರಿಯ ಹಗಲಿನ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಸ್ವೆಟರ್ ಹಾಕಿಕೊಂಡ ನಮಗೆ ಅದು ಚಳಿಯೇ. ಆದರೆ ಫ್ರಿಜ್ಜಿನ ಒಳಗೆ ಇರಬೇಕಾದದ್ದು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. 5ರಿಂದ 60 ಡಿಗ್ರಿಯ ನಡುವಿನ ಉಷ್ಣತೆಯಲ್ಲಿ ಬೇಯಿಸಿದ ಆಹಾರವನ್ನು ಹೆಚ್ಚು ಹೊತ್ತು ಬಿಡಬಾರದು ಎಂಬುದು ಆಹಾರ ಸುರಕ್ಷತೆಯ ಮೂಲ ನಿಯಮ, ಮತ್ತು ಮಡಿಕೇರಿಯ 20 ಡಿಗ್ರಿ ಆ ಅಪಾಯದ ವಲಯದ ಒಳಗೇ ಇದೆ. ಮೈಸೂರಿನ ಬೇಸಿಗೆಗೆ ಹೋಲಿಸಿದರೆ ಇಲ್ಲಿ ಅಡುಗೆ ನಿಧಾನವಾಗಿ ಕೆಡುತ್ತದೆ ಎನ್ನುವುದಷ್ಟೇ ನಿಜ.

ಅನ್ನದ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾ ಗದ್ದೆಯ ಮಣ್ಣಿನಲ್ಲಿ ಸಹಜವಾಗಿ ಇರುತ್ತದೆ ಮತ್ತು ಅಲ್ಲಿಂದ ಅಕ್ಕಿಯ ಜೊತೆಗೇ ಮನೆಗೆ ಬರುತ್ತದೆ. ಅದು ಗಟ್ಟಿ ಕವಚದ ಬೀಜಾಣುಗಳ ರೂಪದಲ್ಲಿ ಇರುವುದರಿಂದ ಅನ್ನ ಕುದಿಯುವಾಗಲೂ ಸಾಯದೆ ಉಳಿದುಕೊಳ್ಳುತ್ತದೆ. ಅನ್ನ ತಣಿದು ಉಗುರುಬೆಚ್ಚಗಾದಾಗ ಬೀಜಾಣುಗಳು ಒಡೆದು ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ತಳಿಗಳು ವಾಂತಿ ಉಂಟುಮಾಡುವ ವಿಷವನ್ನು ಅನ್ನದೊಳಗೇ ತಯಾರಿಸುತ್ತವೆ. ಈ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ನಾಶವಾಗುವುದಿಲ್ಲ. ಹಾಗಾಗಿ ರಾತ್ರಿ ನೀವು ಅನ್ನವನ್ನು ಎಷ್ಟು ಚೆನ್ನಾಗಿ ಬಿಸಿ ಮಾಡಿದರೂ ಬ್ಯಾಕ್ಟೀರಿಯಾ ಸಾಯಬಹುದು, ಅದು ಮಾಡಿಟ್ಟ ವಿಷ ಉಳಿಯುತ್ತದೆ. ಅನ್ನಕ್ಕೆ ಹಳಸಿದ ವಾಸನೆ ಬಂದಿರಲೇಬೇಕೆಂದೂ ಇಲ್ಲ, ನೂಲು ಬಿಟ್ಟಿರಬೇಕೆಂದೂ ಇಲ್ಲ; ಮೂಸಿ ನೋಡಿ ತೀರ್ಮಾನಿಸುವ ನಮ್ಮೆಲ್ಲರ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಈಗ ನಿಮ್ಮ ಕುಕ್ಕರನ್ನು ನೋಡಿ. ಏಳು ಗಂಟೆಗೆ ಬೆಂದ ಅನ್ನವನ್ನು ಮುಚ್ಚಳ ತೆಗೆಯದೆ ಬಿಟ್ಟರೆ ದಪ್ಪ ಗೋಡೆಯ ಆ ಪಾತ್ರೆಯ ಹೊರಮೈ ಬೇಗ ತಣ್ಣಗಾದರೂ, ಒತ್ತಾಗಿ ಕುಳಿತ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಸೌಟನ್ನು ನಡುವಿಗೆ ಇಳಿಸಿ ಮಗುಚಿದರೆ ಮಧ್ಯಾಹ್ನದ ಹೊತ್ತಿಗೂ ಒಳಗಿನ ಅನ್ನ ಬೆಚ್ಚಗಿರುವುದು ಕೈಗೆ ತಿಳಿಯುತ್ತದೆ. ಕೋಣೆಯ ಚಳಿ ಅಲ್ಲಿಗೆ ತಲುಪುವುದೇ ಇಲ್ಲ. ರಾತ್ರಿ ಎಂಟಕ್ಕೆ ಉಣ್ಣುವಷ್ಟರಲ್ಲಿ ಹದಿಮೂರು ಗಂಟೆ ಕಳೆದಿರುತ್ತದೆ. ನೀವು ಇಂದೇ ಬಿಡಬೇಕಾದ ಮೊದಲನೆಯ ಅಭ್ಯಾಸ ಇದು.

ನಿಮ್ಮ ಗೆಳತಿಗೆ ಆದದ್ದು ಇದೇ ಎಂದು ನೋಡದೆ ಹೇಳಲಾಗದು. ಆದರೂ ಉಂಡ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗಿ ಒಂದು ದಿನದಲ್ಲಿ ನಿಲ್ಲುವುದು ಈ ವಿಷದ ಲಕ್ಷಣಕ್ಕೆ ಹೊಂದುತ್ತದೆ. ಅದೇ ಅನ್ನವನ್ನು ಉಂಡ ನಿಮ್ಮಿಬ್ಬರಿಗೆ ಏನೂ ಆಗದಿರುವುದು ಇದಕ್ಕೆ ವಿರುದ್ಧವಾದ ಸಾಕ್ಷಿಯಲ್ಲ, ಏಕೆಂದರೆ ಪಾತ್ರೆಯ ಎಲ್ಲ ಭಾಗದಲ್ಲೂ ವಿಷ ಸಮನಾಗಿ ಇರುವುದಿಲ್ಲ. ಅಡುಗೆ ಮಾಡಿದವರ ಕೈಯಲ್ಲಿ ಕೀವುಗಟ್ಟಿದ ಗಾಯವಿದ್ದರೆ ಅದರಿಂದ ಸೇರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕೂಡ ಇದೇ ಬಗೆಯ ವಾಂತಿ ತರಬಲ್ಲದು. ಅದರ ವಿಷವೂ ಕುದಿಸಿದರೆ ಹೋಗುವುದಿಲ್ಲ. ಮುಂದೆ ಯಾರಿಗಾದರೂ ಹೀಗಾದರೆ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕೊಡುತ್ತಿರಿ. ಕುಡಿದದ್ದೆಲ್ಲ ಹೊರಬರುತ್ತಿದ್ದರೆ, ಏಳೆಂಟು ಗಂಟೆ ಮೂತ್ರವೇ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಮಂಪರು ಕವಿದರೆ ಅಥವಾ ಕಣ್ಣು ಹಳದಿಯಾದರೆ ಬೆಳಗಾಗುವವರೆಗೆ ಕಾಯದೆ ಮಡಿಕೇರಿಯ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ.

ಹಾಗಾದರೆ ಅನ್ನಕ್ಕೆ ಏನು ಮಾಡಬೇಕು? ಎಲ್ಲಕ್ಕಿಂತ ಒಳ್ಳೆಯದು, ರಾತ್ರಿಯ ಅನ್ನವನ್ನು ರಾತ್ರಿಯೇ ಮಾಡುವುದು. ಗ್ಯಾಸ್ ಖರ್ಚಾಗುತ್ತದೆ ಎಂಬ ನಿಮ್ಮ ಚಿಂತೆ ನ್ಯಾಯವಾದದ್ದೇ, ಆದರೆ ಆ ಖರ್ಚು ನೀವು ಎಣಿಸಿದಷ್ಟು ದೊಡ್ಡದಲ್ಲ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ನೀರು 100ರ ಬದಲು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆಕಾಳು ಬೇಯಲು ಇಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಅದರಿಂದಲೇ. ಕುಕ್ಕರಿನೊಳಗೆ ಒತ್ತಡ ಏರುವುದರಿಂದ ಆ ಕೊರತೆ ನೀಗುತ್ತದೆ. ಅಕ್ಕಿಯನ್ನು ಅರ್ಧ ಗಂಟೆ, ಬೇಳೆಯನ್ನು ಒಂದೆರಡು ಗಂಟೆ ನೆನೆಸಿ, ಕುಕ್ಕರಿನೊಳಗೆ ಒಂದರ ಮೇಲೊಂದು ಕೂರುವ ಎರಡು ಡಬ್ಬಿಗಳಲ್ಲಿ ಒಟ್ಟಿಗೇ ಇಟ್ಟು, ಮೊದಲ ಕೂಗು ಬಂದ ಕೂಡಲೇ ಉರಿ ತಗ್ಗಿಸಿ. ಒಲೆ ಆರಿಸಿದ ಮೇಲೆ ಮುಚ್ಚಳವನ್ನು ಬಲವಂತವಾಗಿ ತೆಗೆಯದೆ ಒತ್ತಡ ತಾನಾಗಿ ಇಳಿಯುವವರೆಗೆ ಬಿಟ್ಟರೆ ಕೊನೆಯ ಹಂತದ ಬೇಯುವಿಕೆಗೆ ಗ್ಯಾಸೇ ಬೇಡ. ಬೆಳಗ್ಗೆ ಮಾಡಿದ ಅನ್ನವನ್ನು ರಾತ್ರಿ ಮತ್ತೆ ಬಿಸಿ ಮಾಡಲು ಹೇಗೂ ಒಲೆ ಹಚ್ಚಲೇಬೇಕಾಗಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಾಟ್‌ಬಾಕ್ಸ್‌ನಲ್ಲಿ ಹಾಕಿಡಬಹುದೇ ಎಂದು ಅನೇಕರು ಕೇಳುತ್ತಾರೆ. ಬೇಯುತ್ತಿದ್ದಂತೆಯೇ ಹಾಕಿದರೆ ಮೂರ್ನಾಲ್ಕು ಗಂಟೆಯ ಮಟ್ಟಿಗೆ ಅದು ಉಪಯುಕ್ತ. ಅದರೊಳಗಿನ ಅನ್ನ ಕೈ ಸುಡುವಷ್ಟು ಬಿಸಿಯಾಗಿ ಇರುವವರೆಗೆ ಮಾತ್ರ ಅದು ರಕ್ಷಣೆ. ಉಗುರುಬೆಚ್ಚಗಾದ ಮೇಲೆ ಅದೇ ಡಬ್ಬಿ ಬ್ಯಾಕ್ಟೀರಿಯಾಗಳಿಗೆ ಕೋಳಿ ಕಾವು ಕೊಟ್ಟ ಹಾಗೆ ಕಾವು ಕೊಡುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಇಡಲು ಅದನ್ನು ನಂಬಬೇಡಿ. ಕಾಲೇಜಿಗೆ ಒಯ್ಯುವ ಬುತ್ತಿಯ ಮಾತು ಬೇರೆ: ಅದನ್ನು ಹೊರಡುವ ಮುನ್ನವೇ ಮಾಡಿ, ತಟ್ಟೆಯಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ, ಡಬ್ಬಿಗೆ ತುಂಬಿ, ನಾಲ್ಕು ಗಂಟೆಯೊಳಗೆ ಉಣ್ಣುವಂತಿದ್ದರೆ ಸರಿ. ಅದಕ್ಕಿಂತ ತಡವಾಗುವ ದಿನ ಬರಿಯ ಅನ್ನದ ಬದಲು ಕಾಳು ಕಾಳಿಗೂ ಹುಳಿ ಹತ್ತಿದ ಪುಳಿಯೋಗರೆಯನ್ನೋ ಚಪಾತಿಯನ್ನೋ ಒಯ್ಯಿರಿ. ಚೆನ್ನಾಗಿ ಹುಳಿಯಾದ ಆಹಾರದಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಹುಳಿ ಎಂದಾಗ ತಂಗಳನ್ನದ ಮಾತು ಬರುತ್ತದೆ. ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಗ್ಗೆ ಉಣ್ಣುವ ತಂಗಳನ್ನ ಬಯಲುಸೀಮೆಯಲ್ಲಿ ಬೇಗ ಹುಳಿ ಬರುವುದರಿಂದ ಆ ಹುಳಿಯೇ ಅದಕ್ಕೆ ಕಾವಲು. ಆದರೆ ಜುಲೈ ತಿಂಗಳಲ್ಲಿ ಇಡ್ಲಿ ಹಿಟ್ಟೇ ಉಬ್ಬದೆ ಸತಾಯಿಸುವ ಊರು ನಿಮ್ಮದು. ಹುಳಿ ಬರುವುದು ತಡವಾದಷ್ಟೂ ಆ ಕಾವಲು ತಡವಾಗುತ್ತದೆ. ಆದ್ದರಿಂದ ಮಳೆಗಾಲದ ಮಡಿಕೇರಿಯಲ್ಲಿ ಅದನ್ನು ನಾನು ಸೂಚಿಸುವುದಿಲ್ಲ.

ಕೊಡಗಿನ ಅಡುಗೆಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಇಲ್ಲಿಯ ‘ಅಕ್ಕಿ ಒಟ್ಟಿ’ ಎಂಬ ರೊಟ್ಟಿಗೆ ಅಕ್ಕಿಹಿಟ್ಟಿನ ಜೊತೆ ಅನ್ನವನ್ನು ನಾದಿ ಸೇರಿಸುತ್ತಾರೆ, ರೊಟ್ಟಿ ಮೆದುವಾಗುವುದು ಅದರಿಂದಲೇ. ನಿನ್ನೆಯ ಅನ್ನವನ್ನು ವ್ಯರ್ಥ ಮಾಡಬಾರದೆಂದು ಅದನ್ನೇ ನಾದುವುದು ವಾಡಿಕೆ. ರೊಟ್ಟಿ ಕೆಂಡದ ಮೇಲೆ ಉಬ್ಬುವಷ್ಟು ಬೇಯುತ್ತದೆ, ಆದ್ದರಿಂದ ದೋಷ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಮೇಲೆ ಹೇಳಿದ ವಿಷಕ್ಕೆ ಹಂಚಿನ ಬಿಸಿಯೂ ಸಾಲದು. ಫ್ರಿಜ್ ಇಲ್ಲದ ನೀವು ರೊಟ್ಟಿಗೆಂದೇ ಆಗ ಮಾಡಿದ ಅನ್ನವನ್ನು ಬಳಸಿ. ಅಕ್ಕಿ ತರಿ ಕೈಗೆಟಕುವ ಬೆಲೆಗೆ ಸಿಕ್ಕಿದರೆ ಕಡಂಬುಟ್ಟಿಗೂ (ಹಬೆಯಲ್ಲಿ ಬೇಯಿಸುವ ಉಂಡೆ) ಉಪ್ಪಿಟ್ಟಿಗೂ ಆಗುತ್ತದೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಉಳಿಸಿಡುವ ಪ್ರಶ್ನೆಯೇ ಬರುವುದಿಲ್ಲ. ಅವಲಕ್ಕಿ ಮತ್ತು ರಾಗಿ ಹಿಟ್ಟಿಗೂ ಇದೇ ಗುಣವಿದೆ.

ಪಂದಿಕರಿಯ ಬಗ್ಗೆ ನಿಮ್ಮ ಗೆಳತಿ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಪಣಪುಳಿ ಹಣ್ಣಿನ ರಸವನ್ನು ಕುದಿಸಿ ಕಪ್ಪಗೆ ಗಟ್ಟಿಯಾಗುವಂತೆ ಬತ್ತಿಸಿದ ಕಾಚಂಪುಳಿ ಬಹಳ ಹುಳಿಯಾದ ವಸ್ತು; ಅದು ಸ್ವತಃ ವರ್ಷಗಟ್ಟಲೆ ಕೆಡುವುದಿಲ್ಲ, ಮತ್ತು ಅದನ್ನು ಹಾಕಿದ ಮಾಂಸ ಹಾಕದ ಮಾಂಸಕ್ಕಿಂತ ತಡವಾಗಿ ಕೆಡುತ್ತದೆ. ಆದರೆ ಒಂದೆರಡು ಚಮಚ ಕಾಚಂಪುಳಿ ಇಡೀ ಪಾತ್ರೆಯ ಮಾಂಸವನ್ನು ಉಪ್ಪಿನಕಾಯಿಯಷ್ಟು ಹುಳಿ ಮಾಡುವುದಿಲ್ಲ. ದಪ್ಪ ತುಂಡುಗಳ ಒಳಗೂ ಕೊಬ್ಬಿನ ಪದರದ ಕೆಳಗೂ ಅದು ಅಷ್ಟಾಗಿ ಇಳಿಯುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ತಣಿಯುವ ಮಾಂಸದಲ್ಲಿ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಬೀಜಾಣುಗಳೂ ಕುದಿಯುವಿಕೆಯನ್ನು ತಾಳಿಕೊಳ್ಳುತ್ತವೆ. ಊರಿನ ಮನೆಯಲ್ಲಿ ಕರಿ ನಾಲ್ಕು ದಿನ ಉಳಿಯುತ್ತದೆ ಎಂದರೆ ಅಲ್ಲಿ ಫ್ರಿಜ್ ಇರಬೇಕು, ಇಲ್ಲವೆ ಒಲೆ ಆರದಿರಬೇಕು. ನಿಮ್ಮಲ್ಲಿ ಎರಡೂ ಇಲ್ಲ. ಆದ್ದರಿಂದ ಮನೆಯಿಂದ ಹೊರಡುವಾಗ ಚೆನ್ನಾಗಿ ಕುದಿಸಿ, ಅಗಲವಾದ ಪಾತ್ರೆಗೆ ಸುರಿದು ತಣ್ಣೀರಿನಲ್ಲಿಟ್ಟು ಆರಿಸಿ ಸಣ್ಣ ಡಬ್ಬಿಗೆ ತುಂಬಲಿ. ಬಂದ ಕೂಡಲೇ ನಡುವಿನವರೆಗೂ ಕೊತಕೊತ ಕುದಿಸಿ ಭಾನುವಾರ ರಾತ್ರಿಯೇ ಮೂವರೂ ಸೇರಿ ಮುಗಿಸಿ. ಮೂವರಿಗೆ ಒಂದು ಹೊತ್ತಿಗೆ ಸಾಲುವಷ್ಟೇ ತಂದರೆ ಸಾಕು ಎಂದು ಆಕೆಯ ತಾಯಿಗೆ ಹೇಳಲು ಸಂಕೋಚ ಬೇಡ. ನಿಮ್ಮ ಬೇಳೆಸಾರಿಗೂ ಹೀಗೆಯೇ: ಬೆಳಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಮುಗಿಯಲಿ.

ಕಣಿಲೆಯ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಸಿ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿರುತ್ತದೆ. ತೆಳುವಾಗಿ ಹೆಚ್ಚಿ ಎರಡು ಮೂರು ದಿನ ನೆನೆಸಿ ದಿನವೂ ನೀರು ಬದಲಿಸುವ ನಮ್ಮ ಹಿರಿಯರ ಕ್ರಮ ಅದನ್ನು ತೆಗೆಯಲೆಂದೇ ಇರುವುದು, ಮತ್ತು ಆ ಕ್ರಮ ಸರಿಯಾಗಿದೆ. ನೀವು ಮಾಡಬಾರದ್ದೇನೆಂದರೆ ಗ್ಯಾಸ್ ಉಳಿಸಲು ಅದನ್ನು ನೇರವಾಗಿ ಕುಕ್ಕರಿಗೆ ಹಾಕುವುದು. ತೆರೆದ ಪಾತ್ರೆಯಲ್ಲಿ, ಕಿಟಕಿ ತೆರೆದು, ಕುದಿಸಿ ಆ ನೀರನ್ನು ಚೆಲ್ಲಿದ ಮೇಲೆಯೇ ಪಲ್ಯ ಮಾಡಿ. ಅಜ್ಜಿ ಕೊಡುವುದು ನೆನೆಸಿದ ಕಣಿಲೆಯೋ ಹಸಿಯದೋ ಎಂದು ಪ್ರತಿ ಸಲವೂ ಕೇಳಿಕೊಳ್ಳಿ.

ಈಗ ಅಕ್ಕಿಯ ಚೀಲ. ನಿಮ್ಮ ಚೀಲದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ನೋಡಿದರೆ ಅಸಹ್ಯ ಹುಟ್ಟಿಸುವುದು ನುಸಿ, ಆದರೆ ನಿಜವಾಗಿ ಅಪಾಯಕಾರಿಯಾದದ್ದು ಮುಗ್ಗಲು. ಸೊಂಡಿಲಿನಂಥ ಮೂತಿಯ, ಮೂರು ಮಿಲಿಮೀಟರ್ ಉದ್ದದ ಆ ಕಂದು ಹುಳು ಅಕ್ಕಿಯ ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತನ್ನು ಮುಚ್ಚಿಬಿಡುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆದು ಹೊರಬರಲು ಬೆಚ್ಚಗಿನ ಹವೆಯಲ್ಲಿ ನಾಲ್ಕೈದು ವಾರ, ಚಳಿಯಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಹಾಗಾಗಿ ತಂದ ಕೆಲವೇ ದಿನಗಳಲ್ಲಿ ಹುಳು ಕಂಡರೆ ಅದು ನಿಮ್ಮ ಕೋಣೆಯಲ್ಲಿ ಹುಟ್ಟಿದ್ದಲ್ಲ, ಊರಿನ ಕಣಜದಿಂದಲೋ ಗಿರಣಿಯಿಂದಲೋ ಕಾಳಿನೊಳಗೇ ಕುಳಿತು ಬಂದದ್ದು. ಒಂದು ಹಿಡಿ ಅಕ್ಕಿಯನ್ನು ಲೋಟದ ನೀರಿಗೆ ಹಾಕಿ ನೋಡಿ. ಒಳಗೆ ಟೊಳ್ಳಾದ ಕಾಳುಗಳು ಮೇಲೆ ತೇಲುತ್ತವೆ. ತೇಲಿದ್ದು ಕೆಲವೇ ಆಗಿದ್ದರೆ ಮೊರದಲ್ಲಿ ಕೇರಿ, ಚೆನ್ನಾಗಿ ತೊಳೆದು ಉಣ್ಣುವುದರಿಂದ ತೊಂದರೆಯಿಲ್ಲ.

ಮುಗ್ಗಲಿನ ಕಾರಣ ತೇವ. ಕೆಡದೆ ಉಳಿಯಬೇಕಾದರೆ ಅಕ್ಕಿಯ ತೇವಾಂಶ ಶೇ. 14ನ್ನು ಮೀರಬಾರದು. ಆದರೆ ಧಾನ್ಯ ಸುತ್ತಲಿನ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ; ಗಾಳಿಯ ಆರ್ದ್ರತೆ ಶೇ. 70 ದಾಟಿದ ಹಾಗೆಲ್ಲ ಬೂಷ್ಟಿಗೆ ಅನುಕೂಲ, ಮತ್ತು ಮಡಿಕೇರಿಯ ಮಳೆಗಾಲದಲ್ಲಿ ಅದು ದಿನಗಟ್ಟಲೆ ಶೇ. 90ರ ಮೇಲೆಯೇ ಇರುತ್ತದೆ. ಡಬ್ಬಿಯಲ್ಲಿನ ಉಪ್ಪು ನೀರೂರುವುದನ್ನು ನೀವು ಕಂಡಿದ್ದೀರಿ. ಅಕ್ಕಿಗೂ ಅದೇ ಆಗುತ್ತಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ನಿಮ್ಮ ಚೀಲ ನೆಲದ ಮೇಲೆ, ಗೋಡೆಗೆ ತಾಗಿ, ಒಲೆಯ ಹತ್ತಿರ ಇದೆಯೆಂದು ಊಹಿಸುತ್ತೇನೆ, ಏಕೆಂದರೆ ಇಂಥ ಕೋಣೆಗಳಲ್ಲಿ ಬೇರೆ ಜಾಗವೇ ಇರುವುದಿಲ್ಲ. ಹಾಗಿದ್ದರೆ ನೆಲದ ತೇವ, ಗೋಡೆಯ ತೇವ, ಕುಕ್ಕರಿನ ಹಬೆ ಮೂರೂ ಅದಕ್ಕೆ ಸೇರುತ್ತಿವೆ. ಕೆಲವು ಬಗೆಯ ಬೂಷ್ಟುಗಳು ಅಫ್ಲಾಟಾಕ್ಸಿನ್‌ನಂಥ ವಿಷಗಳನ್ನು ಬಿಡುತ್ತವೆ; ಅವು ತೊಳೆದರೆ ಪೂರ್ತಿಯಾಗಿ ಹೋಗುವುದಿಲ್ಲ, ಸಾಮಾನ್ಯ ಅಡುಗೆಯ ಬಿಸಿಗೂ ನಾಶವಾಗುವುದಿಲ್ಲ, ಮತ್ತು ದೀರ್ಘಕಾಲ ದೇಹ ಸೇರುತ್ತಿದ್ದರೆ ಯಕೃತ್ತಿಗೆ ಹಾನಿ ಮಾಡುತ್ತವೆ.

ಆದ್ದರಿಂದ ಚೀಲವನ್ನು ಹಗಲು ಬೆಳಕಿನಲ್ಲಿ ಒಂದು ಬಟ್ಟೆಯ ಮೇಲೆ ಸುರಿಯಿರಿ. ತಳದಲ್ಲಿ ಗಂಟುಗಟ್ಟಿದ, ಹಳದಿ, ಹಸಿರು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ, ಮುಗ್ಗಲು ನಾತದ ಅಕ್ಕಿಯನ್ನು ಅದರ ಸುತ್ತಲಿನ ಅಕ್ಕಿಯ ಸಮೇತ ಎಸೆಯಿರಿ. ಊರಿನ ಅಕ್ಕಿಯನ್ನು ಚೆಲ್ಲುವುದು ಎಷ್ಟು ಸಂಕಟದ ಕೆಲಸವೆಂದು ನನಗೆ ಗೊತ್ತು. ಆದರೂ ಅದನ್ನು ಅಜ್ಜಿಯ ಹಸುವಿಗೋ ಕೋಳಿಗಳಿಗೋ ಹಾಕಬೇಡಿ, ಏಕೆಂದರೆ ಅಫ್ಲಾಟಾಕ್ಸಿನ್ ಹಸುವಿನ ಹಾಲಿನ ಮೂಲಕ ಮತ್ತೆ ಮನುಷ್ಯರಿಗೇ ಬರುತ್ತದೆ. ಇಡೀ ಚೀಲಕ್ಕೆ ವಾಸನೆ ಹಿಡಿದಿದ್ದರೆ ಇಡೀ ಚೀಲವನ್ನೇ ಬಿಡಬೇಕಾಗುತ್ತದೆ. ಒಣಗಿ, ಬಿಡಿಬಿಡಿಯಾಗಿ, ವಾಸನೆಯಿಲ್ಲದೆ ಉಳಿದದ್ದನ್ನು ಕೇರಿ, ಸ್ವಲ್ಪ ಸ್ವಲ್ಪವಾಗಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮುಟ್ಟಿದರೆ ಕೈ ಹಿಂತೆಗೆಯುವಷ್ಟು ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಬಿಗಿಯಾದ ಡಬ್ಬಿಗೆ ತುಂಬಿ ಮೊದಲು ಅದನ್ನೇ ಮುಗಿಸಿ.

ಮಾತ್ರೆಯ ಬಗ್ಗೆ ಬಹಳ ಸ್ಪಷ್ಟವಾಗಿ ಹೇಳಬೇಕು: ಅದನ್ನು ತೆಗೆದುಕೊಳ್ಳಬೇಡಿ, ಕೋಣೆಯೊಳಗೆ ತರಲೂಬೇಡಿ. ಅಕ್ಕಿಗೆ ಹಾಕುವ ಮಾತ್ರೆ ಎಂದು ಕೈಯಿಂದ ಕೈಗೆ ಸಾಗುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ಫಾಸ್ಫೈಡ್. ದೊಡ್ಡ ಗೋದಾಮುಗಳಲ್ಲಿ ತರಬೇತಿ ಪಡೆದವರು ಮಾತ್ರ ಬಳಸಬೇಕಾದ ಆ ವಸ್ತು ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ, ಮತ್ತು ನಿಮ್ಮ ಊರಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಮಲಗುವ ಕೋಣೆಯ ಪಕ್ಕದಲ್ಲೇ ಅದನ್ನು ಇಟ್ಟು ಕಿಟಕಿ ಮುಚ್ಚಿ ಮಲಗಿದವರು ಏಳದೇ ಇರಬಹುದು; ಆ ವಿಷಕ್ಕೆ ಪ್ರತ್ಯೌಷಧವಿಲ್ಲ. ಬಟ್ಟೆಗೆ ಇಡುವ ನುಸಿಗುಳಿಗೆಯನ್ನೂ ಅಕ್ಕಿಯ ಹತ್ತಿರ ಇಡಬೇಡಿ. ಬೇವಿನ ಎಲೆ, ಲವಂಗ, ಒಣಮೆಣಸಿನಕಾಯಿಗಳಿಂದ ಹಾನಿಯಿಲ್ಲ, ಹೊರಗಿನ ಹುಳುಗಳನ್ನು ಅವು ಒಂದಿಷ್ಟು ದೂರವಿಡಬಹುದು. ಕಾಳಿನೊಳಗಿನ ಮರಿಯನ್ನು ಅವು ಮುಟ್ಟುವುದಿಲ್ಲ.

ಮುಂದಿನ ಸಲ ತರುವ ಪ್ರಮಾಣವನ್ನೇ ಬದಲಿಸಿ. ಒಬ್ಬರಿಗೆ ಒಂದು ಹೊತ್ತಿಗೆ 125 ಗ್ರಾಂ ಅಕ್ಕಿ ಎಂದಿಟ್ಟುಕೊಂಡರೆ ಮೂವರಿಗೆ ಎರಡು ಹೊತ್ತಿಗೆ ದಿನಕ್ಕೆ 750 ಗ್ರಾಂ, 25 ಕೆ.ಜಿ. ಮುಗಿಯಲು ಒಂದು ತಿಂಗಳು ದಾಟುತ್ತದೆ. ಬೇಸಿಗೆಯಲ್ಲಿ ಅದು ನಡೆದೀತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವುದಿಲ್ಲ. ಊರಿಗೆ ಹೋದಾಗಲೆಲ್ಲ ಹತ್ತು ಕೆ.ಜಿ.ಯಷ್ಟೇ ತನ್ನಿ, ಎರಡು ವಾರಕ್ಕೆ ಸಾಕಾಗುತ್ತದೆ. ಮನೆಯಲ್ಲಿ ಫ್ರೀಜರ್ ಇದ್ದರೆ ತರುವ ಮುನ್ನ ನಾಲ್ಕೈದು ದಿನ ಅದರಲ್ಲಿ ಇಟ್ಟರೆ ಮೊಟ್ಟೆ ಮರಿಗಳೆಲ್ಲ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಕೋಣೆಯ ಉಷ್ಣತೆಗೆ ಬರುವವರೆಗೆ ಬಿಡಬೇಕು, ಇಲ್ಲದಿದ್ದರೆ ತಣ್ಣನೆಯ ಅಕ್ಕಿಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಳ್ಳೆಯದು. ಅದಕ್ಕೆ ಹಣ ಸಾಲದಿದ್ದರೆ ತೊಳೆದು, ಒಳಗೆ ಒಂದು ಹನಿ ನೀರೂ ಇಲ್ಲದಂತೆ ಒಣಗಿಸಿದ 5 ಲೀಟರಿನ ಕುಡಿಯುವ ನೀರಿನ ಕ್ಯಾನ್‌ಗಳು ಸಾಕು. ತೆಳುವಾದ ಪ್ಲಾಸ್ಟಿಕ್ ಕವರನ್ನು ಹುಳು ಕೊರೆಯುತ್ತದೆ. ಡಬ್ಬಿಗಳು ಅಡುಗೆಮನೆಯಲ್ಲಿ ಬೇಡ. ಮಲಗುವ ಕೋಣೆಯಲ್ಲಿ, ಗೋಡೆಯಿಂದ ಒಂದು ಗೇಣು ದೂರ, ಮಣೆಯ ಮೇಲಿರಲಿ.

ಉಳಿದ ದಿನಸಿಗೂ ಇದೇ ಕ್ರಮ: ರವೆಯನ್ನು ತಂದ ದಿನವೇ ಹುರಿದಿಡಿ, ಒಣಮೀನನ್ನು ಎರಡು ಡಬ್ಬಿಯೊಳಗೆ ಮುಚ್ಚಿಡಿ, ಮೆಣಸಿನ ಪುಡಿಗೆ ಒದ್ದೆ ಚಮಚ ತಾಗಿಸಬೇಡಿ. ಕಡಲೆಕಾಯಿ ಬೀಜ ಕಹಿಯಾದರೆ ಅಥವಾ ಕಪ್ಪಿಟ್ಟರೆ ಆರಿಸಿ ತಿನ್ನುವ ಗೋಜಿಗೆ ಹೋಗದೆ ಎಸೆಯಿರಿ. ರೊಟ್ಟಿಯನ್ನೋ ವಡೆಯನ್ನೋ ಪತ್ರಿಕೆಯ ಕಾಗದದಲ್ಲಿ ಸುತ್ತಬಾರದು. ಅಚ್ಚಿನ ಶಾಯಿ ಆಹಾರಕ್ಕೆ ಇಳಿಯುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಶುಕ್ರವಾರದ ಸಂತೆಯಲ್ಲಿ ಸೊಪ್ಪನ್ನು ಎರಡು ದಿನಕ್ಕಾಗುವಷ್ಟು, ಕುಂಬಳ, ಸೌತೆ, ಕ್ಯಾರೆಟ್‌ಗಳನ್ನು ವಾರಕ್ಕಾಗುವಷ್ಟು ಕೊಳ್ಳಿ. ತರಕಾರಿಯ ಮಟ್ಟಿಗೆ ಮಡಿಕೇರಿಯ ಚಳಿ ನಿಜವಾಗಿಯೂ ನಿಮ್ಮ ಪರವಾಗಿದೆ. ಈರುಳ್ಳಿಯನ್ನೂ ಆಲೂಗಡ್ಡೆಯನ್ನೂ ಬೇರೆ ಬೇರೆ ಬಲೆಚೀಲದಲ್ಲಿ ತೂಗುಹಾಕಿ, ಹಸಿರು ತಿರುಗಿದ ಆಲೂಗಡ್ಡೆ ಬೇಡ. ಮೊಟ್ಟೆಯನ್ನು ತೊಳೆದಿಡಬೇಡಿ, ಒಡೆಯುವ ಮುನ್ನ ತೊಳೆಯಿರಿ. ಹಾಗಿಟ್ಟರೆ ಒಂದು ವಾರ ಚಿಂತೆಯಿಲ್ಲ. ಹಾಲನ್ನು ಆಯಾ ದಿನಕ್ಕೆ ಕೊಳ್ಳಿ, ಅಥವಾ ಫ್ರಿಜ್ ಬೇಡದ ಗುಡ್‌ಲೈಫ್ ಮಾದರಿಯ ಹಾಲಿನ ಸಣ್ಣ ಪ್ಯಾಕೆಟ್‌ಗಳನ್ನು ತಂದಿಟ್ಟುಕೊಳ್ಳಿ. ಪ್ಯಾಕೆಟ್ ತೆರೆದ ಮೇಲೆ ಅದೂ ಸಾಮಾನ್ಯ ಹಾಲೇ.

ಒಂದು ಮಾತು ನೀವು ಕೇಳದಿದ್ದರೂ ಹೇಳಬೇಕು. ಮಳೆಯ ಇರಚಲಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿ ಅಡುಗೆ ಮಾಡಬೇಡಿ, ಒಂದನ್ನಾದರೂ ನಾಲ್ಕು ಬೆರಳು ತೆರೆದಿಡಿ. ಹಬೆ ಹೊರಹೋದಷ್ಟೂ ಅಕ್ಕಿಗೆ ಒಳ್ಳೆಯದು, ಗ್ಯಾಸ್ ಉರಿಯುವಾಗಿನ ಕೆಟ್ಟ ಗಾಳಿ ಹೊರಹೋದಷ್ಟೂ ನಿಮಗೆ ಒಳ್ಳೆಯದು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಬಾಗಿಲ ಕೆಳಗಿನ ಸಂದನ್ನು ಚಳಿಗೆಂದು ಬಟ್ಟೆ ತುರುಕಿ ಮುಚ್ಚಬೇಡಿ. ಮೈ ಕಾಯಿಸಿಕೊಳ್ಳಲು ಇದ್ದಲಿನ ಕೆಂಡವನ್ನು ಕೋಣೆಯೊಳಗೆ ಇಡುವುದಂತೂ ಸರ್ವಥಾ ಕೂಡದು.

ಕೊನೆಗೆ ಫ್ರಿಜ್. ಈಗಲೇ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೂ ಫ್ರಿಜ್ ಆಹಾರವನ್ನು ಸುಮಾರು ನಾಲ್ಕು ಗಂಟೆ ಮಾತ್ರ ಕಾಯುತ್ತದೆ. ಮರ ಬಿದ್ದು ತಂತಿ ಹರಿದು ದಿನವಿಡೀ ಕರೆಂಟ್ ಇಲ್ಲದಿದ್ದರೆ ಒಳಗಿರುವ ಅನ್ನ, ಮಾಂಸ, ಹಾಲು ಎಲ್ಲವನ್ನೂ ಚೆಲ್ಲಬೇಕು. ಆದರೆ ಫ್ರಿಜ್ ಇರುವ ಮನೆಯಲ್ಲಿ ಜನ ಚೆಲ್ಲುವುದಿಲ್ಲ, ‘ಫ್ರಿಜ್ಜಿನಲ್ಲೇ ಇತ್ತಲ್ಲ’ ಎಂದು ಉಂಡುಬಿಡುತ್ತಾರೆ; ನನ್ನ ಕೆಲಸದಲ್ಲಿ ನಾನು ಹೆಚ್ಚಾಗಿ ಕಂಡ ಅಪಾಯ ಇದು. ಆ 4,500 ರೂಪಾಯಿಯ ಒಂದು ಭಾಗದಲ್ಲಿ ಡಬ್ಬಿಗಳು, ಕುಕ್ಕರಿನೊಳಗಿಡುವ ಪಾತ್ರೆಗಳು ಮತ್ತು ಬರುವ ತಿಂಗಳುಗಳ ಹೆಚ್ಚುವರಿ ಗ್ಯಾಸ್ ಬರುತ್ತವೆ. ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ ಬೇಕೆನಿಸಿದರೆ ಆಗ ನೋಡಿ. ಕೊಳ್ಳುವ ಮುನ್ನ ಮಾರುವವರ ಮನೆಯಲ್ಲೇ ಒಂದು ಕಾಗದವನ್ನು ಬಾಗಿಲಿನ ರಬ್ಬರಿನ ನಡುವೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಆ ಫ್ರಿಜ್ ತಂಪನ್ನು ಹಿಡಿದಿಡುವುದಿಲ್ಲ. ಒಂದು ಲೋಟ ನೀರನ್ನು ರಾತ್ರಿಯಿಡೀ ಒಳಗಿಡಲು ಹೇಳಿ, ಬೆಳಗ್ಗೆ ಅದಕ್ಕೆ ಥರ್ಮಾಮೀಟರ್ ಅದ್ದಿ ನೋಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಇರುವಂಥದನ್ನು ಕೇಳಿ ಪಡೆಯಬಹುದು. 5 ಡಿಗ್ರಿಗಿಂತ ಹೆಚ್ಚು ತೋರಿಸಿದರೆ ಮುಂಗಡ ಕೊಡಬೇಡಿ.